ತಗಡಿನ ನಾಯಿ ಮತ್ತು ಈಡಿನ ಹಪ್ಪಳ

ಮದುವೆಯಾಗಿ ವಜ್ರಳ್ಳಿ ಹತ್ತಿರದ ಮನೆಗೆ ಬಂದ ಮೊದಲ ದಿನ ಅತ್ತೆ ನನ್ನನ್ನು ಇಡೀ ಮನೆ ಒಂದು ಸುತ್ತು ಹಾಕಿಸಿದರು. ದೇವರಿಗೆ ನಮಸ್ಕಾರವಾಯಿತು, ಮಾವನಿಗಾಯಿತು, ಬೆಂಚಿನ ಮೇಲೆ ಕೂತ ಹಿರಿಯರಿಗೆಲ್ಲ ಆಯಿತು. ಕೊನೆಗೆ ಜಗಲಿಯ ಗೋಡೆಯ ಮೇಲಿದ್ದ ಒಂದು ನಾಯಿಯ ಎದುರಿಗೆ ತಂದು ನಿಲ್ಲಿಸಿದರು. ಬೆಳಗಿನಿಂದ ಬಗ್ಗಿ ಬಗ್ಗಿ ರೂಢಿಯಾಗಿತ್ತಲ್ಲ, ನಾನು ಅದಕ್ಕೂ ಬಗ್ಗಿಯೇಬಿಟ್ಟೆ.

"ಇದ್ಕೆ ನಮಸ್ಕಾರ ಬ್ಯಾಡ ತಂಗಿ," ಎಂದು ಅತ್ತೆ ಭುಜ ಹಿಡಿದು ಎತ್ತಿದರು. "ದಿನಾ ಒಂದ್ಸಲ ಒರಸಿರೆ ಸಾಕು. ಒದ್ದೆ ಬಟ್ಟೇಲಿ ಮಾತ್ರ ಒರಸಡ. ನಿನ್ನ ಮಾವಂಗೆ ಸಿಟ್ಟು ಬತ್ತು."

ಅದು ಮೊರದಷ್ಟು ಅಗಲದ ಒಂದು ತಗಡು. ಬಂದೂಕಿನ ಮದ್ದು ಮಾಡುವ ಯಾವುದೋ ಪರದೇಶದ ಕಂಪನಿ ತನ್ನ ಮಾಲು ಖರ್ಚಾಗಲೆಂದು ಯಾವುದೋ ಕಾಲದಲ್ಲಿ ಮಾಡಿಸಿದ ಜಾಹೀರಾತು. ಎದುರಿಗೆ ಕಂದು-ಬಿಳಿ ಬಣ್ಣದ ಬೇಟೆನಾಯಿ: ಮೂಗು ಮುಂದಕ್ಕೆ, ಬಾಲ ಹಿಂದಕ್ಕೆ ನೆಟ್ಟಗೆ, ಮುಂಗಾಲೊಂದು ಮೇಲಕ್ಕೆ. ನಾಯಿಯ ಹಿಂದೆ ಮೊಣಕಾಲುದ್ದದ ಬೂಟು ಹಾಕಿದ ಸಾಹೇಬ ಕೋವಿಯನ್ನು ಆಕಾಶಕ್ಕೆ ಎತ್ತಿದ್ದಾನೆ. ಇನ್ನೂ ಹಿಂದೆ, ಟೊಪ್ಪಿಯ ಸಾಹೇಬರು ನಾಲ್ಕಾರು ಜನ ತಮ್ಮ ತಮ್ಮ ಕೋವಿ ಹಿಡಿದು ಸರತಿ ಕಾಯುತ್ತಿದ್ದಾರೆ. ಗುರಿ ಹೊಡೆಯುವ ಸ್ಪರ್ಧೆ ಎಂಬುದು ಯಾರಿಗಾದರೂ ಗೊತ್ತಾಗುವಂತಿತ್ತು. ಆಕಾಶದಲ್ಲಿ ದುಂಡಗಿನ, ಚಪ್ಪಟೆಯ, ಕಂದು ಬಣ್ಣದ ವಸ್ತುವೊಂದು ಈಡು ತಗುಲಿ ಚೂರಾಗುತ್ತಿದೆ. ಅದು ಏನು ಎಂದು ಬಹುಶಃ ಕೆಳಗೆ ಬರೆದಿದ್ದರು. ಆ ಸಾಲನ್ನು ತುಕ್ಕು ಪೂರ್ತಿ ತಿಂದು ಮುಗಿಸಿತ್ತು.

ತಗಡನ್ನು ಮನೆಗೆ ತಂದವರು ಮಾವನ ಅಪ್ಪ. ಶಿರಸಿಯಲ್ಲಿ ಮದ್ದು, ಚರೆ, ಕೇಪು ಮಾರುತ್ತಿದ್ದ ಅಂಗಡಿಯೊಂದು ಬಾಗಿಲು ಹಾಕುವಾಗ, ಹಳೇ ಗಿರಾಕಿ ಎಂಬ ವಿಶ್ವಾಸಕ್ಕೆ ಅಂಗಡಿಯವರು ಇದನ್ನು ಬಿಚ್ಚಿ ಕೊಟ್ಟಿದ್ದರಂತೆ. ತಂದು ಗೋಡೆಗೆ ತೂಗುಹಾಕಿ, ಎಲೆ-ಅಡಿಕೆ ಹಾಕಿಕೊಂಡು ಎದುರಿಗೆ ಕೂತ ಅಜ್ಜನಿಗೆ ಒಂದೇ ಪ್ರಶ್ನೆ: ಆ ಸಾಹೇಬ ಹೊಡೆಯುತ್ತಿರುವುದು ಏನನ್ನು?

ನಮ್ಮ ಸೀಮೆಯವರ ಕಣ್ಣಿಗೆ ದುಂಡಗೆ, ಚಪ್ಪಟೆಯಾಗಿ, ಕಂದು ಬಣ್ಣಕ್ಕಿದ್ದು, ತಾಗಿದರೆ ಚೂರಾಗುವಂಥದ್ದು ಜಗತ್ತಿನಲ್ಲಿ ಒಂದೇ. ಹಲಸಿನ ಹಪ್ಪಳ. ಅಜ್ಜ ತೀರ್ಮಾನ ಕೊಟ್ಟೇಬಿಟ್ಟರು. ಆ ಕ್ಷಣದಿಂದ ಚಿತ್ರದ ಉಳಿದ ಒಗಟುಗಳೂ ತಾವಾಗಿಯೇ ಬಿಡಿಸಿಕೊಂಡವು. ನಾಯಿ ಕಾಲೆತ್ತಿದ್ದು ಯಾಕೆ? ಮುಳ್ಳು ಚುಚ್ಚಿದೆ ಎಂದು ಕೆಲವರು, ಸಾಹೇಬರ ನಾಯಿ ಅಲ್ವಾ, ಕೈ ಕುಲುಕುತ್ತದೆ ಎಂದು ಕೆಲವರು ಹೇಳುತ್ತಿದ್ದರು. ಈಗ ಎಲ್ಲರಿಗೂ ಒಪ್ಪಿಗೆಯಾಯಿತು: ಹಪ್ಪಳದ ಚೂರು ಬೀಳುವುದನ್ನು ಅದು ಕಾಯುತ್ತಿದೆ.

ಸಾಹೇಬರಿಗೆ ಹಪ್ಪಳ ಯಾರು ಮಾಡಿಕೊಟ್ಟರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಾಗೆ ಶುರುವಾದದ್ದು ನಮ್ಮ ಮನೆಯ ಹಪ್ಪಳದ ಈಡು, ಹಾರಿಸಿದ ಹಪ್ಪಳಕ್ಕೆ ಕೋವಿಯಿಂದ ಗುರಿ ಹೊಡೆಯುವ ಸ್ಪರ್ಧೆ. ಸಂಕ್ರಾಂತಿಯ ಮಾರನೇ ದಿನ, ಇಡಗುಂದಿ ಕಡೆಯ ಕೊಯ್ಲು ಮುಗಿದ ಗದ್ದೆಯಲ್ಲಿ, ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಇದ್ದ ಕೋವಿಯವರೆಲ್ಲ ಸೇರುತ್ತಿದ್ದರು. ನಾನು ಬರುವ ಹೊತ್ತಿಗೆ, ತೊಂಬತ್ತರ ದಶಕದ ಆರಂಭದಲ್ಲಿ, ಬೇಟೆ ಎಂಬುದು ಬರೀ ಬಾಯಲ್ಲಿ ಉಳಿದಿತ್ತು. ಹಂದಿಗೆ ಹೊಡೆದರೆ ಫಾರೆಸ್ಟಿನವರು ಬರುತ್ತಾರೆ, ಮಂಗನಿಗೆ ಹೊಡೆಯಲು ಹನುಮಂತನ ಹೆದರಿಕೆ. ವರ್ಷವಿಡೀ ಆಕಾಶಕ್ಕೆ ಸದ್ದು ಮಾಡಿ ಬೇಸತ್ತ ಕೋವಿಗಳಿಗೆ ಮನಸ್ಸಿಟ್ಟು ಗುರಿ ಹಿಡಿಯಲು ಉಳಿದದ್ದು ಹಪ್ಪಳವೊಂದೇ. ಗೆದ್ದವರ ಮನೆಗೆ ತಗಡಿನ ನಾಯಿ ಒಂದು ವರ್ಷದ ಮಟ್ಟಿಗೆ ಹೋಗಬೇಕು. ಸೋತವನು ಅದನ್ನು ತನ್ನ ಕೈಯಾರೆ, ಕುಂಕುಮ ಹಚ್ಚಿ, ಹೆಣ್ಣು ಕಳಿಸಿಕೊಟ್ಟ ಹಾಗೆ ಕಳಿಸಿಕೊಡಬೇಕು. ಇದು ಕಾಯಿದೆ. ಕಾಯಿದೆ ಇತ್ತೇ ಹೊರತು ನಾಯಿ ಎಂದೂ ಹೊಸಿಲು ದಾಟಿರಲಿಲ್ಲ. ಮೊದಲು ಅಜ್ಜ ಗೆದ್ದರು, ಆಮೇಲೆ ಮಾವ ಗೆಲ್ಲುತ್ತಲೇ ಬಂದರು. "ಕೋವಿ ಎತ್ತಲೆ ಕೈಲಿ ಶಕ್ತಿ ಇಪ್ಪಷ್ಟು ದಿನ ನಾಯಿ ಈ ಗೋಡೆ ಬಿಟ್ಟು ಹಂದ್ತಿಲ್ಲೆ," ಎಂದು ಬಂದವರ ಎದುರೆಲ್ಲ ಮಾವ ಹೇಳುತ್ತಿದ್ದರು.

ಈಡಿನ ಹಪ್ಪಳ ಬೇರೆ, ತಿನ್ನುವ ಹಪ್ಪಳ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಹಲಸಿನ ತೊಳೆ ಬೇಯಿಸಿ, ಕುಟ್ಟಿ, ಮಣೆಯ ಮೇಲೆ ಒತ್ತುವಾಗ ಕೊನೆಯ ಮುದ್ದೆಯನ್ನು ಅತ್ತೆ ಬೇರೆ ಇಡುತ್ತಿದ್ದರು. ಅದನ್ನು ದಪ್ಪಗೆ ಒತ್ತಿ, ಒಣಗುವಾಗ ಅಂಚು ಮುರುಟದ ಹಾಗೆ ಮೇಲೆ ಬೀಸುಕಲ್ಲು ಹೇರುತ್ತಿದ್ದರು. ಅಂಚು ಮುರುಟಿದರೆ ಹಪ್ಪಳ ಗಾಳಿಯಲ್ಲಿ ಎತ್ತಲೋ ತಿರುಗಿ ಹೋಗುತ್ತದೆ. ತೆಳ್ಳಗಾದರೆ ಹಾರುವುದೇ ಇಲ್ಲ, ಎಲೆಯ ಹಾಗೆ ಉದುರುತ್ತದೆ. ಚೆನ್ನಾಗಿ ಒಣಗಿದ ಈಡಿನ ಹಪ್ಪಳದಲ್ಲಿ ಹೊಡೆದರೆ ತೆಂಗಿನಕಾಯಿ ಒಡೆಯಬಹುದಿತ್ತು. ಅದನ್ನು ಹಾರಿಸುವುದು ಮನೆಯ ಹೆಂಗಸರ ಕೆಲಸ. ಯಾಕೆಂದರೆ ಗಂಡಸರ ಕೈಯಲ್ಲೆಲ್ಲ ಕೋವಿ ಇರುತ್ತದೆ, ಖಾಲಿ ಇರುವುದು ನಮ್ಮ ಕೈ. ಅತ್ತೆಗೆ ತೋಳು ನೋವು ಬಂದ ಮೇಲೆ ಆ ಅಧಿಕಾರ ನನ್ನ ಪಾಲಿಗೆ ಬಂತು. ಅವರು ಅಂಗಳದಲ್ಲಿ ನಿಲ್ಲಿಸಿ ಕಲಿಸಿದರು:

"ದೋಸೆ ಮಗಚಿದಾಂಗೆ ಅಲ್ಲ ಮಾರಾಯ್ತಿ! ಸಿಟ್ಟು ಬಂದಾಗ ಗಂಡನ ಎದುರಿಗೆ ಬಟ್ಲು ತಳ್ತ್ಯಲೀ, ಹಾಂಗೆ! ಮಣಿಗಂಟಿಂದ!"

"ಆನು ತಳ್ತ್ನಿಲ್ಲೆ ಅತ್ತೆ."

"ಇನ್ನೂ ಹೊಸ್ತು. ತಳ್ಳುಲೆ ಬತ್ತು."

ಕೋವಿಯವರಲ್ಲಿ ಮಾವನಿಗೆ ಸರಿಸಾಟಿ ಎಂದರೆ ದಾಸನಕೊಪ್ಪದ ಗೌಡರು. ಶಿರಸಿ ಸಂತೆಯಲ್ಲಿ ಎತ್ತಿನ ವ್ಯಾಪಾರದಲ್ಲಿ ಮಾವನಿಗೆ ಪರಿಚಯವಾಗಿ ಸ್ನೇಹಿತರಾದವರು. ಕರಿ ಕೋಟು, ತಲೆಗೆ ಕೆಂಪು ರುಮಾಲು, ಜೀಪಿನಿಂದ ಇಳಿಯುವ ಮೊದಲೇ ದನಿ ಇಳಿಯುತ್ತಿತ್ತು. ಪ್ರತಿ ವರ್ಷ ಸ್ವಲ್ಪದರಲ್ಲಿ ಸೋತು ಹೋಗುತ್ತಿದ್ದರು.

"ಏನ್ರೀ ಯಜಮಾನ್ರ, ನಾಯಿಗೆ ಹಾಸಿಗಿ ಹಾಸಿ ಬಂದೇನ್ರಿ ಮನ್ಯಾಗ. ಈ ಸಲ ಕರ್ಕೊಂಡ ಹೋಗೂದ."

"ಹಾಸಿಗೆಲಿ ನೀವೇ ಮನಿಕ್ಯಳಿ ಗೌಡ್ರೇ. ನಾಯಿ ಬತ್ತಿಲ್ಲೆ."

ಹೀಗೆ ಸುಖವಾಗಿ ನಡೆದಿತ್ತು. ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಜಗಲಿಯಿಂದ ಮಾವನ ದನಿ ಕೇಳಿಸಿತು. "ಬನ್ನಿ, ಬನ್ನಿ. ಬಾಗಿಲಲ್ಲೇ ಎಂತಕ್ಕೆ ನಿಂತ್ರಿ? ಕೂತ್ಗಳಿ. ತಂಗೀ, ಒಂದು ಚಾ ತಗಬಾ!"

ಚಾ ಮಾಡಿ ತಂದೆ. ಬಾಗಿಲ ಪಕ್ಕದ ಗೂಟಕ್ಕೆ ಆಳು ತೂಗುಹಾಕಿ ಹೋದ, ಮಳೆಗೆ ತಲೆಯಿಂದ ಹೊದೆಯುವ ಕಂಬಳಿಕೊಪ್ಪೆ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಮಾವ ಅದರ ಜೊತೆ ಅಡಿಕೆ ಧಾರಣೆಯ ವಿಷಯ ಮಾತಾಡುತ್ತಿದ್ದರು. ಕೊಪ್ಪೆ ಏನೂ ಎದುರಾಡದ ಕಾರಣ ಬಹಳ ಸಂತೋಷದಲ್ಲಿದ್ದರು. ಏನು ಮಾಡಬೇಕೋ ತೋಚದೆ ಕೊಪ್ಪೆಯನ್ನು ಮೆಲ್ಲನೆ ತೆಗೆದು ಒಳಗೆ ಒಯ್ದು, ಚಾ ನಾನೇ ಕುಡಿದೆ.

"ಹೋದ್ನಾ? ಚಾ ಕುಡೀದೇ ಹೋದ್ನಾ?" ಎಂದರು ಮಾವ.

"ಚಾ ಖಾಲಿ ಆತು ಮಾವಯ್ಯ," ಎಂದೆ. ಸುಳ್ಳಲ್ಲ.

ಅತ್ತೆಗೆ ಮೊದಲೇ ಗೊತ್ತಿತ್ತು. ಮಾವನ ಕಣ್ಣಿಗೆ ಪೊರೆ ಬಂದಿತ್ತು. ಮಾವ ಒಪ್ಪಲು ತಯಾರಿಲ್ಲ. ದೀಪ ಮಂದ ಎಂದರು, ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆ ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದು ನನ್ನ ಗಂಡ ಅಂದರೆ, "ಯನ್ನ ಕಣ್ಣಿಗೆ ಎಂತಾಯ್ದು? ಹೋದ ಸಂಕ್ರಾಂತಿಲಿ ನಾಯಿ ಗೆದ್ದವ ಯಾರು?" ಎಂದು ತಿರುಗಿ ಬೀಳುತ್ತಿದ್ದರು. ಪೊರೆ ಒಪ್ಪಿಕೊಂಡರೆ ಸೋಲು ಒಪ್ಪಿಕೊಂಡಂತೆ; ಸೋತರೆ ನಾಯಿ ಹೋದಂತೆ. ಬೆಳಿಗ್ಗೆ ನಾನು ತಗಡು ಒರೆಸಿದ ಮೇಲೆ ಅವರು ಹತ್ತಿರ ಹೋಗಿ, ಮೂಗು ತಾಗುವಷ್ಟು ಹತ್ತಿರ, ಬೆರಳಿನಿಂದ ನಾಯಿಯ ಎತ್ತಿದ ಕಾಲನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದರು. ಅಪ್ಪ ತೂಗುಹಾಕಿದ ಮೊಳೆಯಲ್ಲೇ ಅದು ಇನ್ನೂ ಇತ್ತು.

ಆ ಬೇಸಿಗೆಯಲ್ಲಿ ಹಪ್ಪಳ ಒತ್ತುವಾಗ ಅತ್ತೆ ಈಡಿನ ಮುದ್ದೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದರು.

"ತಂಗಿ, ಈ ಸಲ ನಾಯಿ ಹೋದ್ರೆ ನಿನ್ನ ಮಾವ ಊಟ ಬಿಡ್ತ. ಊಟ ಬಿಟ್ಟವ್ರ ಜತಿಗೆ ಆನು ಏಗವು. ಹಪ್ಪಳ ದೊಡ್ಡ ಮಾಡನ."

"ಎಷ್ಟು ದೊಡ್ಡ ಅತ್ತೆ?"

ಅವರು ಎದ್ದು ಹೋಗಿ ದೋಸೆ ಕಾವಲಿ ತಂದರು.

ಕಾವಲಿಯ ಅಳತೆಗೆ ಒತ್ತಿದೆವು. ಸಾಲದೆಂದು ಎರಡೂ ಕಡೆ ಅಕ್ಕಿಹಿಟ್ಟು ಬಳಿದೆವು, ನೀಲಿ ಆಕಾಶಕ್ಕೆ ಬೆಳ್ಳಗೆ ಕಾಣಲಿ ಎಂದು. ಎಲ್ಲರಿಗೂ ಒಂದೇ ಅಳತೆಯ ಹಪ್ಪಳವಾದ್ದರಿಂದ ಇದು ಮೋಸವಲ್ಲ ಎಂದು ಅತ್ತೆ ಒಣಗಿಸುವಷ್ಟು ದಿನವೂ ನನಗೆ ಹೇಳಿದರು. ನನಗೇ ಹೇಳಿದ್ದೋ, ದೇವರಿಗೆ ಕೇಳಲಿ ಎಂದು ಹೇಳಿದ್ದೋ.

ಸಂಕ್ರಾಂತಿಯ ಮಾರನೇ ದಿನ ಗದ್ದೆಯಲ್ಲಿ ಬುಟ್ಟಿಯ ಬಟ್ಟೆ ಸರಿಸಿದಾಗ ಕೋವಿಯವರೆಲ್ಲ ಸುತ್ತ ಮುತ್ತಿಕೊಂಡರು. ಗೌಡರು ಒಂದನ್ನು ಎತ್ತಿ ತೂಗಿ ನೋಡಿದರು.

"ತಂಗೆವ್ವಾ, ಇದೇನ ಹಪ್ಪಳನೋ, ಬಾವಿ ಮುಚ್ಚೂ ಹಲಗಿನೋ?"

"ಈ ವರ್ಷ ಹಲಸು ಜಾಸ್ತಿ ಗೌಡ್ರೇ," ಎಂದರು ಅತ್ತೆ ಗದ್ದೆಯ ಅಂಚಿನಿಂದ.

"ಹಂಗಾರ ಮುಂದಿನ ವರ್ಷ ಗಾಡಿ ಗಾಲಿ ಹಾರಿಸ್ರಿ ಬಿಡ್ರಿ!"

ನಾನು ಹಾರಿಸಿದೆ. ಅಷ್ಟು ದೊಡ್ಡ ಹಪ್ಪಳವನ್ನು ಕುರುಡು ಕೋವಿಯೂ ತಪ್ಪಿಸುವಂತಿರಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರೂ ಹೊಡೆದರು. ಹಿಂದೆಂದೂ ಹಪ್ಪಳಕ್ಕೆ ಚರೆ ತಾಗಿಸಿ ಗೊತ್ತಿಲ್ಲದವರು ಕೂಡ ಹೊಡೆದು ಕುಣಿದಾಡಿದರು. ಮಾವ ಹೊಡೆದರು. ನನ್ನ ಕೈ ಬೀಸುವ ಸದ್ದು ಕೇಳಿ ಕೋವಿ ಎತ್ತುವುದು, ಬೆಳ್ಳಗಿನದೇನೋ ಅಡ್ಡ ಬಂದರೆ ಬೆರಳಿನಿಂದ ಕುದುರೆ ಎಳೆಯುವುದು. ಹಾಗೇ ಸುತ್ತು ಸುತ್ತು ಕಳೆಯಿತು. ಕೇಪಿನ ಕೋವಿ ತುಂಬುವುದೆಂದರೆ ಗೊತ್ತಲ್ಲ, ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕಿ ಮತ್ತೆ ಜಡಿಯುವಷ್ಟರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಲೆ-ಅಡಿಕೆಯ ಕವಳ ಮುಗಿಯುತ್ತಿತ್ತು. ಕೈ ಸೋತವರು ಒಬ್ಬೊಬ್ಬರೇ ತಪ್ಪಿಸಿ ಕೂತರು. ಮಾವ ಮತ್ತು ಗೌಡರು ಉಳಿದರು. ಆಗ ಬುಟ್ಟಿಗೆ ಕೈ ಹಾಕಿದರೆ ತಳ ಸಿಕ್ಕಿತು. ಅಷ್ಟು ಸುತ್ತು ನಡೆಯುತ್ತದೆ ಎಂದು ನಾವು ಎಣಿಸಿರಲೇ ಇಲ್ಲ. ಮೋಸವಲ್ಲದ ನಮ್ಮ ಉಪಾಯ ಊರಿನವರಿಗೆಲ್ಲ ಹಂಚಿ ಖಾಲಿಯಾಗಿತ್ತು.

ಉಳಿದದ್ದು ಇರಲಿ ಎಂದು ಜೊತೆಗೆ ತಂದಿದ್ದ ಹೋದ ವರ್ಷದ ಹಳೇ ಹಪ್ಪಳ, ಅಂಗೈ ಅಗಲದ್ದು, ಹೊಗೆ ಹಿಡಿದು ಮಣ್ಣಿನ ಬಣ್ಣಕ್ಕೆ ತಿರುಗಿದ್ದು. ಅತ್ತೆ ನನ್ನ ಮುಖ ನೋಡಿದರು. ನಾನು ಬುಟ್ಟಿ ನೋಡಿದೆ.

ಗೌಡರ ಸರತಿ ಮೊದಲು. ಹಾರಿಸಿದೆ. ಅಂಚಿಗೆ ತಾಗಿ ಒಂದು ಚೂರು ಹಾರಿತು. ಚೂರಾದರೂ ಹೊಡೆತ ಹೊಡೆತವೇ. ಇನ್ನು ಮಾವ ತಪ್ಪಿಸಿದರೆ ನಾಯಿ ದಾಸನಕೊಪ್ಪಕ್ಕೆ. ಮಾವ ಕೋವಿ ಎತ್ತಿ ನಿಂತರು. ನಾನು ಆದಷ್ಟು ಹತ್ತಿರದಲ್ಲಿ, ಆದಷ್ಟು ನಿಧಾನಕ್ಕೆ ಹಾರಿಸೋಣವೆಂದು ಮಣಿಗಂಟು ಸಡಿಲ ಬಿಟ್ಟೆ. ಗಾಳಿ ಬಂದು ಹಪ್ಪಳವನ್ನು ಕೆಳಕ್ಕೆ ಒತ್ತಿತು. ಅದೇ ಹೊತ್ತಿಗೆ, ಗದ್ದೆಯಂಚಿನ ಗೂಟಕ್ಕೆ ಕಟ್ಟಿದ್ದ ನಮ್ಮ ಮನೆಯ ಕೆಂಪು ನಾಯಿ ಹಗ್ಗ ಜಾರಿಸಿಕೊಂಡು ಓಡಿ ಬಂತು. ಅದು ಹುಟ್ಟಿದಾಗಿನಿಂದ ಈಡಿನ ಹಪ್ಪಳದ ಚೂರು ತಿಂದೇ ಬೆಳೆದದ್ದು. ಆ ದಿನ ಚೂರಾಗುವ ತನಕ ಕಾಯುವ ತಾಳ್ಮೆ ಅದಕ್ಕಿರಲಿಲ್ಲ. ನೆಗೆದು ಇಡೀ ಹಪ್ಪಳವನ್ನು ಗಾಳಿಯಲ್ಲೇ ಬಾಯಲ್ಲಿ ಹಿಡಿಯಿತು.

ನಾನು ಕಣ್ಣು ಮುಚ್ಚಿದೆ. ಸದ್ದೇ ಬರಲಿಲ್ಲ.

ಕಣ್ಣು ಬಿಟ್ಟರೆ ಮಾವ ಕೋವಿ ಎತ್ತಿಯೇ ನಿಂತಿದ್ದಾರೆ, ಈಡು ಹಾರಿಲ್ಲ. ಆಮೇಲೆ ಮೆಲ್ಲಗೆ ಕೋವಿ ಇಳಿಸಿದರು. ಗದ್ದೆಗೆ ಗದ್ದೆಯೇ ಕೂಗಿಕೊಂಡಿತು. ಎಂಥಾ ಕಣ್ಣು! ಎಂಥಾ ಕೈ! ರೆಪ್ಪೆ ಬಡಿಯುವುದರೊಳಗೆ ನಾಯಿ ಕಂಡು ಬೆರಳು ತಡೆದರಲ್ಲ! ಗೌಡರಂತೂ ರುಮಾಲು ತೆಗೆದೇಬಿಟ್ಟರು.

"ಮುಗೀತ್ರಿ. ನನಗ ನಾಯಿ ಬ್ಯಾಡ. ಇಂಥಾ ಕಣ್ಣ ಇರೂ ಮನ್ಯಾಗ ಇರ್ಬೇಕ್ರಿ ಅದು."

ಅತ್ತೆಯ ಮುಖದಲ್ಲಿ ಹಬ್ಬ. ಮಾವ ಮಾತ್ರ ಮನೆಯ ದಾರಿಯುದ್ದಕ್ಕೂ ಕೋವಿಯನ್ನು ಊರುಗೋಲಿನ ಹಾಗೆ ಹಿಡಿದು ನಡೆದರು.

ಮಧ್ಯಾಹ್ನ ಊಟಕ್ಕೆ ಜಗಲಿಯಲ್ಲಿ ಸಾಲಾಗಿ ಎಲೆ ಹಾಕಿದ್ದೆವು. ಎರಡನೇ ಸಲ ಪಾಯಸ ಬಡಿಸುವಾಗ ಮಾವ ಕೈ ಅಡ್ಡ ಹಿಡಿದರು.

"ಒಂದು ಮಾತು ಹೇಳವು. ಆನು ನಾಯಿ ಕಂಡಿದ್ನಿಲ್ಲೆ."

ಎಲ್ಲರೂ ನಕ್ಕರು.

"ಹಪ್ಪಳನೂ ಕಂಡಿದ್ನಿಲ್ಲೆ. ಎಂತದೂ ಕಾಣದೇ ಎಂತಕ್ಕೆ ಹೊಡೆಯದು ಹೇಳಿ ಸುಮ್ನೆ ನಿಂತಿದ್ದೆ."

ಇನ್ನೂ ಜೋರಾಗಿ ನಕ್ಕರು. "ದೊಡ್ಡವ್ರ ಮಾತಂದ್ರ ಇದ ನೋಡ್ರಿ," ಎಂದರು ಗೌಡರು ಪಕ್ಕದ ಎಲೆಯವರಿಗೆ, "ತಾವ ಮಾಡಿದ್ದನ್ನ ತಾವ ಹೇಳ್ಕೊಳ್ಳೂದಿಲ್ಲ."

"ಅಲ್ಲ ಮಾರಾಯ್ರಾ, ಖರೇ ಹೇಳ್ತಾ ಇದ್ದೆ!" ಮಾವನಿಗೆ ಸಿಟ್ಟು ಏರಿತು. ಬದುಕಿನಲ್ಲಿ ಮೊದಲ ಬಾರಿ ಸೋಲು ಒಪ್ಪಿಕೊಳ್ಳಲು ಹೊರಟರೆ ಒಬ್ಬರಾದರೂ ತೆಗೆದುಕೊಳ್ಳುತ್ತಿಲ್ಲ. ಎಲೆ ಬಿಟ್ಟು ಎದ್ದರು. ಕೈ ತೊಳೆದು ಬಂದು, ಗೋಡೆ ತಡವಿ, ಮೊಳೆಯಿಂದ ತಗಡನ್ನು ಇಳಿಸಿದರು. ಪಂಚೆಯ ಅಂಚಿನಿಂದ ಒರೆಸಿದರು. ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ ನಡೆದು, ಜಗಲಿಯ ಕಂಬದ ಹತ್ತಿರ ನಿಂತು, ಬಹಳ ಗೌರವದಿಂದ ಹೇಳಿದರು:

"ಗೌಡ್ರೇ, ತಗಳಿ. ಕಾಯಿದೆ ಕಾಯಿದೆನೇ."

ಕಂಬದ ಗೂಟದಲ್ಲಿ ಗೌಡರ ಕರಿ ಕೋಟು ಇತ್ತು, ಕೋಟಿನ ಮೇಲೆ ಕೆಂಪು ರುಮಾಲು. ಗೌಡರು ಪಾಯಸದ ಎದುರಿಗಿದ್ದರು.

ಯಾರೂ ನಗಲಿಲ್ಲ. ಕೋಟು ಕೈ ಚಾಚಲಿಲ್ಲವೆಂದು ಮಾವ ತಗಡನ್ನು ಇನ್ನೂ ಸ್ವಲ್ಪ ಮುಂದೆ ಮಾಡಿದರು. ಗೌಡರು ಎಂಜಲು ಕೈಯಲ್ಲೇ ಎದ್ದು, ಸದ್ದಾಗದ ಹಾಗೆ ಬಂದು, ಕೋಟಿನ ಪಕ್ಕದಲ್ಲಿ ನಿಂತರು.

"ತಗೊಂಡೆ ಬಿಡ್ರಿ ಯಜಮಾನ್ರ," ಎಂದರು. ದನಿ ಎಂದಿನಂತಿರಲಿಲ್ಲ. ಆಮೇಲೆ ಎಂದಿನಂತೆ ಗುಡುಗಿದರು: "ಆದ್ರ ಒಂದ ಮಾತ. ಪುಕಟ ಇಟ್ಕೊಳ್ಳೂ ಮನಷ್ಯಾ ನಾ ಅಲ್ಲ. ಕಣ್ಣ ಮಾಡಿಸ್ಕೊಂಡ ಬರ್ರಿ, ಗೆದ್ದ ಒಯ್ರಿ. ಅಲ್ಲೀತನಕ ನಿಮ್ಮ ನಾಯಿಗೆ ನಮ್ಮನಿ ರೊಟ್ಟಿ!"

ಅತ್ತೆ ಕುಂಕುಮದ ಭರಣಿ ತಂದು ನಾಯಿಯ ಹಣೆಗಿಟ್ಟರು. ಕಣ್ಣು ಒರೆಸಿಕೊಂಡದ್ದು ಹೊಗೆಗೆ ಎಂದರು, ಜಗಲಿಯಲ್ಲಿ ಹೊಗೆ ಇರಲಿಲ್ಲ. ಜೀಪಿನಲ್ಲಿ ನಾಯಿ ಗೌಡರ ಪಕ್ಕದ ಸೀಟಿನಲ್ಲಿ ಕೂತು ಹೋಯಿತು. ಮಾವ ಊಟವನ್ನೇನೂ ಬಿಡಲಿಲ್ಲ. ಸಂಜೆ ಉಳಿದ ಪಾಯಸ ಕೇಳಿ ಹಾಕಿಸಿಕೊಂಡರು. ಆಮೇಲೆ ಖಾಲಿ ಮೊಳೆಯನ್ನು ಮುಟ್ಟಿ ನೋಡಿ, "ಶಿರಸಿ ಡಾಕ್ಟರು ಯಾವತ್ತು ಸಿಕ್ತ ಕೇಳು," ಎಂದು ಮಗನಿಗೆ ಹೇಳಿದರು.

ಆಪರೇಷನ್ ಆಗಿ, ಹಸಿರು ಪಟ್ಟಿ ಹೋಗಿ, ಹೊಸ ಕನ್ನಡಕ ಬಂದ ಮೇಲೆ ಮಾವನ ಮೊದಲ ಸವಾರಿ ದಾಸನಕೊಪ್ಪಕ್ಕೆ. ಅತ್ತೆ ಮತ್ತು ನಾನು ಜೊತೆಗೆ ಹೋದೆವು. ಗೌಡರ ಪಡಸಾಲೆಯ ನಟ್ಟನಡುವೆ ತಗಡು ರಾರಾಜಿಸುತ್ತಿತ್ತು. ಮಾವ ಚಪ್ಪಲಿ ಬಿಟ್ಟವರೇ ಅದರ ಎದುರಿಗೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.

"ಎಂತಾತು?" ಎಂದರು ಅತ್ತೆ.

"ಇದು ಹಪ್ಪಳ ಅಲ್ಲ."

"ಎಂತದು?"

"ಹಪ್ಪಳ ಅಲ್ಲವೇ ಇದು! ಅಂಚು ನೋಡು. ಬಟ್ಟಲಿನಾಂಗೆ ಸುತ್ತ ಕಟ್ಟೆ ಇದ್ದು. ಮಣ್ಣಿನ ಬಿಲ್ಲೆ ಇದು, ಸುಟ್ಟ ಮಣ್ಣಿಂದು. ನಾಯಿನೂ ಅದ್ರ ಕಡೆ ನೋಡ್ತಾನೇ ಇಲ್ಲೆ. ಅದ್ರ ಮೂಗು ಆಚೆ ಪೊದೆ ಕಡೆ ಇದ್ದು."

ನಾವೆಲ್ಲ ಹತ್ತಿರ ಹೋಗಿ ನೋಡಿದೆವು. ವರ್ಷಗಟ್ಟಲೆ ದಿನಾ ಒರೆಸಿದವಳು ನಾನು. ಆ ಕಟ್ಟೆ ನನಗೂ ಅವತ್ತೇ ಕಂಡದ್ದು. ಹಪ್ಪಳ ಎಂದು ಒಮ್ಮೆ ಹೇಳಿಬಿಟ್ಟರೆ ಆಮೇಲೆ ಯಾರು ನೋಡುತ್ತಾರೆ? ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

"ಹಂಗಾರೆ ಇಷ್ಟು ವರ್ಷ ಆನು ಬೀಸುಕಲ್ಲು ಹೊತ್ತಿದ್ದು ಎಂತಕ್ಕೆ? ಕಣ್ಣು ಮಾಡಿಸಿದ್ದೇ ತಪ್ಪಾತು ನೋಡಿ ನಿಂಗಕ್ಕೆ!"

ಗೌಡರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರು ದನಿ ತಗ್ಗಿಸಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

"ಸುಮ್ನಿರ್ರಿ ಯಜಮಾನ್ರ, ಯಾರಿಗೂ ಹೇಳಬ್ಯಾಡ್ರಿ. ನಾಯಿ ಮನಿಗೆ ಬಂದಾಗಿಂದ ನಮ್ಮಾಕಿನೂ ಹಲಸಿನ ಹಪ್ಪಳ ಕಲ್ತಾಳ್ರಿ. ಮೂರ ಹೊತ್ತೂ ಕೈ ನೋವು ಅಂತಾಳ. ಈಗ ಮಣ್ಣಿನ ಬಿಲ್ಲಿ ಅಂತ ಗೊತ್ತಾದ್ರ ಮೊದ್ಲ ನನಗ ಹೊಡಿತಾಳ."

ಅಷ್ಟರಲ್ಲಿ ಅವರ ಮನೆಯಾಕೆ ಕರಿದ ಹಪ್ಪಳದ ತಟ್ಟೆ ಹಿಡಿದು ಬಂದರು. ಬಯಲುಸೀಮೆಯ ಕೈ, ರೊಟ್ಟಿಯ ಹದ. ಸಾಕಷ್ಟು ದಪ್ಪ ಇದ್ದವು. "ಹ್ಯಾಂಗ್ ಬಂದಾವ ನೋಡ್ರಿ ಅಜ್ಜಾರ," ಎಂದು ಮಾವನ ಕೈಗೆ ಒಂದು ಕೊಟ್ಟರು.

ಮಾವ ತಗಡಿನ ಕಡೆಗೊಮ್ಮೆ ನೋಡಿದರು, ಗೌಡರ ಕಡೆಗೊಮ್ಮೆ ನೋಡಿದರು. ಆಮೇಲೆ ಹಪ್ಪಳವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಎಡಗಣ್ಣು ಮುಚ್ಚಿ, ಹೊಸ ಕಣ್ಣಿನಿಂದ ಅದರ ಅಂಚನ್ನು ಸುತ್ತಲೂ ಅಳೆಯತೊಡಗಿದರು.

"ತಿನ್ನಿ ಈಗ," ಎಂದರು ಅತ್ತೆ. "ಹೊಡೆಯದು ಸಂಕ್ರಾಂತಿಗೆ."